ಒಂದು ಎಸ್ಸಿನ ಲೆಕ್ಕ

ಸಿದ್ದಾಪುರದ ಹೈಸ್ಕೂಲು, ಎಂಟನೇ ಕ್ಲಾಸು,
ಊಟಕ್ಕೆ ಮೊದಲಿನ ಪೀರಿಯಡ್.
ಕಿಟಕಿಯಾಚೆ ಯಾರದೋ ಕಣದಲ್ಲಿ
ರೋಬಸ್ಟಾ ಹಣ್ಣು ಒಣಗುವ ಹುಳಿ ವಾಸನೆ.
ಬೋರ್ಡಿನ ಎಡಕ್ಕೆ ಸಬ್ಜೆಕ್ಟ್ ಎಂದು ಬರೆದೆ, ಬಲಕ್ಕೆ ವರ್ಬ್.
ನಡುವೆ ಎಳೆದ ಗೆರೆ ಸೊಟ್ಟಗಾಯಿತು,
ಹಾಗೇ ಬಿಟ್ಟೆ.

ಮೊದಲು ವರ್ಬ್ ಹಿಡಿಯಿರಿ, ಎಂದೆ.
ಬೆಳಿಗ್ಗೆ ತೋಟಕ್ಕೆ ಹೋದರೆ ಏನು ಕಾಣುತ್ತದೆ?
ಬೇಲಿ ಮುರಿದಿದೆ. ಬಾಳೆ ಸೀಳಿದೆ.
ಲದ್ದಿಯಿಂದ ಇನ್ನೂ ಹಬೆ ಏಳುತ್ತಿದೆ.
ಮಾಡಿದವರು ಕಾಣುವುದಿಲ್ಲ, ಮಾಡಿದ್ದು ಕಾಣುತ್ತದೆ.
ಆಮೇಲೆ ತಾನೇ ಕೇಳುವುದು, ಯಾರು?

ಆನೆ! ಎಂದು ಕೂಗಿತು ಇಡೀ ಕ್ಲಾಸು,
ಪಕ್ಕದ ಕ್ಲಾಸಿನವರು ಹೆದರಿ ಇಣುಕುವಷ್ಟು ಜೋರಾಗಿ.
ಅದೇ ಸಬ್ಜೆಕ್ಟ್, ಎಂದೆ. ಕೂತುಕೊಳ್ಳಿ.

ಕನ್ನಡದಲ್ಲಿ ಬಂದಳು ಎಂದರೆ ಸಾಕು,
ಕ್ರಿಯಾಪದದ ಬಾಲ ಹಿಡಿದುಕೊಂಡು ಅವಳೂ ಬಂದುಬಿಡುತ್ತಾಳೆ.
ಇಂಗ್ಲಿಷಿನಲ್ಲಿ ಬರೀ ಕೇಮ್ ಎಂದರೆ
ಬಾಗಿಲು ತೆರೆದು ನೋಡಿದರೆ ಯಾರೂ ಇಲ್ಲ.

ಸಿನಾನ್ ಕೈ ಎತ್ತಿದ:
ನಮ್ಮ ಮನೆಯ ಮಾತೂ ಹಾಗೇ ಟೀಚರ್.
ಉಮ್ಮ ಬಂದರೂ ವನ್ನು, ಉಪ್ಪ ಬಂದರೂ ವನ್ನು,
ವಿರಾಜಪೇಟೆ ಬಸ್ಸು ಬಂದರೂ ವನ್ನು.
ಯಾರಿಗೂ ಬಾಲ ಇಲ್ಲ.

ಹದಿನಾರು ವರ್ಷ ಇದೇ ಊರಿನಲ್ಲಿ ವ್ಯಾಕರಣ ಹೇಳಿದ್ದೇನೆ.
ಇದನ್ನು ಈಗ ಕಲಿತೆ.

ಹಾಗಾದರೆ ಇಟ್ ಈಸ್ ರೈನಿಂಗ್‌ನಲ್ಲಿ
ಇಟ್ ಅಂದರೆ ಯಾರು? ಹಿಂದಿನ ಬೆಂಚಿನ ಪ್ರಶ್ನೆ.
ಯಾರೂ ಅಲ್ಲ. ಇಂಗ್ಲಿಷಿಗೆ ಖಾಲಿ ಕುರ್ಚಿ ಕಂಡರೆ ಆಗುವುದಿಲ್ಲ,
ಅದಕ್ಕೇ ಒಬ್ಬನನ್ನು ಕೂರಿಸಿದ್ದಾರೆ.
ಕೆಲಸ ಏನೂ ಇಲ್ಲ.
ಸಂಬಳ ಉಂಟಾ ಟೀಚರ್?
ನಗು ಅಡಗಲು ಐದು ನಿಮಿಷ ಹಿಡಿಯಿತು.

ಒಂದೊಂದು ಸೆಂಟೆನ್ಸ್ ಬರೆಯಿರಿ ಎಂದೆ,
ನಿಮ್ಮ ಮನೆಯದ್ದು, ಪುಸ್ತಕದ್ದು ಬೇಡ.
ಮುತ್ತುಮಾರಿ ಬರೆದಿದ್ದಳು:
ಮೈ ಮದರ್ ಪಿಕ್ ಕಾಫಿ.

ಕೆಂಪು ಪೆನ್ನಿನ ಮುಚ್ಚಳ ತೆಗೆದೆ.
ನೋಡು, ಮಾಡುವವಳು ಒಬ್ಬಳಾದರೆ
ವರ್ಬಿಗೆ ಒಂದು ಎಸ್ ಅಂಟಬೇಕು. ಪಿಕ್ಸ್.
ಇಬ್ಬರು ಮೂವರು ಸೇರಿದರೆ ಎಸ್ ಬೇಡ.
ನಿನ್ನ ಅಮ್ಮ ಒಬ್ಬಳಲ್ಲವಾ?

ಅವಳು ಪೆನ್ಸಿಲ್ಲಿನ ತುದಿ ಕಚ್ಚಿದಳು.
ಕಾಫಿ ಕರೆಯಿಂದ ಕಪ್ಪಾದ ಉಗುರು.
ಒಬ್ಬಳೇ ಕುಯ್ಯುವುದಿಲ್ಲ ಟೀಚರ್.
ಅಮ್ಮ ಮೇಲಿನ ಕೊಂಬೆ ಬಗ್ಗಿಸುತ್ತಾಳೆ, ನಾನು ಕೆಳಗಿನದ್ದು.
ತೂಕದ ಚೀಟಿಯಲ್ಲಿ ಒಂದೇ ಹೆಸರು,
ಚೀಲದಲ್ಲಿ ಇಬ್ಬರದ್ದೂ.

ಭಾನುವಾರ ಮಾತ್ರವಾ, ಎಂದು ಕೇಳಿದೆ.
ಅವಳು ನೆಲ ನೋಡಿದಳು.

ಮೇಜಿನ ಮೇಲೆ ಹಾಜರಿ ಪುಸ್ತಕ ಇತ್ತು.
ಜನವರಿಯ ಅವಳ ಸಾಲು: ಎ, ಎ, ಪಿ, ಎ, ಎ, ಎ.
ನನ್ನದೇ ಅಕ್ಷರ, ಎಲ್ಲವೂ ದುಂಡಗೆ.
ಮುರಿದ ಬೇಲಿ ಕಂಡಿದ್ದೆ,
ದಿನಾ ಅದರ ಪಕ್ಕದಲ್ಲೇ ನಡೆದು ಹೋಗಿದ್ದೆ.
ಯಾರು, ಯಾಕೆ, ಒಂದನ್ನೂ ಕೇಳಿರಲಿಲ್ಲ.

ಪೆನ್ನು ಮುಚ್ಚಿ, ಅವಳ ಪೆನ್ಸಿಲ್ ಇಸಿದುಕೊಂಡೆ.
ವರ್ಬನ್ನು ಮುಟ್ಟಲಿಲ್ಲ. ಅದು ಸರಿಯಾಗಿಯೇ ಇತ್ತು.
ಮದರ್ ಪಕ್ಕದಲ್ಲಿ, ಇರುಕು ಜಾಗದಲ್ಲಿ,
ಬಸ್ಸಿನ ಸೀಟಿನಲ್ಲಿ ಇನ್ನೊಬ್ಬರಿಗೆ ಸರಿದು ಕೊಡುವಂತೆ,
ಸೇರಿಸಿದೆ: ಆಂಡ್ ಐ.

ಈಗ ಓದು.
ಓದಿದಳು. ಐ ಬಂದಾಗ ದನಿ ಸ್ವಲ್ಪ ಸಣ್ಣಗಾಯಿತು.
ಇನ್ನೊಮ್ಮೆ, ಎಂದೆ.
ಸಂಜೆ ಅವರ ಲೈನಿನ ಕಡೆ ಹೋಗಬೇಕು,
ಅಮ್ಮನ ಹತ್ತಿರ ಏನೆಂದು ಮಾತು ತೆಗೆಯುವುದೋ ಗೊತ್ತಿಲ್ಲ.

ಅಷ್ಟರಲ್ಲಿ ಬೆಲ್ ಹೊಡೆಯಿತು.

ತಪ್ಪು.
ಅಟೆಂಡರ್ ಕಾಳಪ್ಪ, ಮೊಣಕಾಲು ನೋವಿನಲ್ಲೇ
ವರಾಂಡದ ಕೊನೆಯತನಕ ನಡೆದು ಬಂದು,
ಬೆಲ್ ಹೊಡೆದ.